ನೋವಿನ ಬಾಗಿಲು

ಬೆನ್ನುನೋವಿನಿಂದ ವರ್ಷಗಟ್ಟಲೆ ನರಳುತ್ತಿದ್ದ ತಾಯಿಗೆ, "ಎಲ್ಲವೂ ಮನಸ್ಸಿನದು, ಅಮ್ಮ" ಎಂದು ನಾನೊಮ್ಮೆ ಹೇಳಿದ್ದೆ. ಆಕೆ ಮತ್ತೆಂದೂ ನನ್ನೆದುರು ನೋವಿನ ಮಾತೆತ್ತಲಿಲ್ಲ. ನನ್ನ ತಪ್ಪು ಅರಿವಾದದ್ದು ನಿವೃತ್ತಿಯ ಬಳಿಕ, ನೋವಿನ ಚಿಕಿತ್ಸೆಯ ಇತಿಹಾಸವನ್ನು ಓದಿದಾಗ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಒಂದು ಸೋಜಿಗವನ್ನು ಕಂಡರು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಬಹುಮಂದಿ ನೋವುನಿವಾರಕ ಬೇಕೆನ್ನಲಿಲ್ಲ! ಇದನ್ನು ಅವರು 1946ರಲ್ಲಿ ಪ್ರಕಟಿಸಿದರು. ಗಾಯದ ಅಳತೆಯೇ ನೋವಿನ ಅಳತೆಯಲ್ಲ ಎಂಬುದು ಅದರ ಸಾರ.

1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಹೊಸ ಸಿದ್ಧಾಂತವೊಂದನ್ನು ಮಂಡಿಸಿದರು: ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೊಂದು ಬಾಗಿಲಿದೆ, ಮಿದುಳಿನಿಂದ ಇಳಿದುಬರುವ ಸಂಕೇತಗಳೂ ಅದನ್ನು ತೆರೆಯಬಲ್ಲವು, ಮುಚ್ಚಬಲ್ಲವು.

ಸಿಯಾಟಲ್‌ನ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಚಿಕಿತ್ಸೆಯ ರೂಢಿಯನ್ನೇ ಬದಲಿಸಿದರು. ಔಷಧವನ್ನು ನೋವೆಂದಾಗಲ್ಲ, ಗಡಿಯಾರ ನೋಡಿ ಕೊಟ್ಟರು. ಗೊತ್ತುಮಾಡಿದಷ್ಟು ವ್ಯಾಯಾಮ ಮುಗಿದ ಮೇಲೆಯೇ ವಿಶ್ರಾಂತಿಯಿತ್ತರು. ನರಳಿಕೆಗಲ್ಲ, ನಡೆದ ಹೆಜ್ಜೆಗೆ ಮೆಚ್ಚುಗೆ. 1976ರ ಅವರ ಗ್ರಂಥದಿಂದ ಈ ಕ್ರಮ ಹೆಸರಾಯಿತು.

ನೋವಿನಲ್ಲಿ ಮನಸ್ಸಿಗೆ ಪಾಲಿದೆಯೆಂದ ಮಾತ್ರಕ್ಕೆ ನೋವು ಸುಳ್ಳಲ್ಲ. ಅಂದು ನಾನು ಹೇಳಬೇಕಿದ್ದುದು ಇಷ್ಟೇ: "ನಿನ್ನ ನೋವು ನಿಜ. ಬಾ ಅಮ್ಮ, ಅಂಗಳದವರೆಗೆ ನಡೆಯೋಣ."