ಮನೆಯೊಳಗಿನ ಕಥೆಗೆ ಜಾಗ ಕೊಟ್ಟ ವಾರಪತ್ರಿಕೆ

‘ನಮ್ಮ ಕಥೆ ಯಾರು ಓದ್ತಾರೆ ಬಿಡಿ’. ಸುದ್ದಿಗಾಗಿ ಊರೂರು ತಿರುಗುವ ನಮಗೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೆಂಗಸರಂತೂ ಇಷ್ಟು ಹೇಳಿ ಒಳಗೆ ಹೋಗಿಬಿಡುತ್ತಾರೆ. ಆಗೆಲ್ಲ ನಮಗೆ ‘ಲಂಕೇಶ್ ಪತ್ರಿಕೆ’ ನೆನಪಾಗುತ್ತದೆ.

ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟರ ಕೆಲಸ ಬಿಟ್ಟು 1980ರಲ್ಲಿ ಈ ವಾರಪತ್ರಿಕೆ ಶುರು ಮಾಡಿದರು. ಜಾಹೀರಾತು ಹಾಕುತ್ತಿರಲಿಲ್ಲ. ಓದುಗರು ಕೊಡುವ ಕಾಸಿನಲ್ಲೇ ಪತ್ರಿಕೆ ನಡೆಯಬೇಕಿತ್ತು. ಹಾಗಾಗಿ ಜಾಹೀರಾತು ಕೊಡುವವರ ಮುಲಾಜು ಇರಲಿಲ್ಲ.

ರಾಜಕಾರಣಿಗಳನ್ನು ತರಾಟೆಗೆ ತೆಗೆದುಕೊಂಡ ಪತ್ರಿಕೆ ಅಂತ ಇದನ್ನು ಹಿರಿಯರು ನೆನೆಯುತ್ತಾರೆ. ಆದರೆ ಅದು ಮಾಡಿದ ಇನ್ನೊಂದು ಕೆಲಸವೂ ದೊಡ್ಡದು. ಅದುವರೆಗೆ ಬರಹದಲ್ಲಿ ಅಷ್ಟಾಗಿ ಕಾಣದ ಮನೆಗಳಿಂದ ಬಂದವರಿಗೆ ಅದು ಜಾಗ ಕೊಟ್ಟಿತು.

ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ, ಶಾಲೆಯಲ್ಲಿ ಕಲಿತಿದ್ದು ಕನ್ನಡ. ಅವರ ‘ಚಂದ್ರಗಿರಿಯ ತೀರದಲ್ಲಿ’ ಈ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂತು. ತಂದೆಯ ಹಟಕ್ಕೆ ಸಿಕ್ಕಿ ಗಂಡನಿಂದ ದೂರವಾದ ನಾದಿರಾಳ ಕಥೆ ಅದು. ಮುಸ್ಲಿಂ ಮನೆಯ ಹೆಣ್ಣಿನ ಸಂಕಟವನ್ನು ಅದೇ ಸಮುದಾಯದ ಹೆಣ್ಣುಮಗಳು ಬರೆದಿದ್ದನ್ನು ಕನ್ನಡಿಗರು ವಾರವಾರ ಕಾದು ಓದಿದರು. ತಾಂಡಾದ ಬದುಕನ್ನು ಬಲ್ಲ ಬಿ.ಟಿ. ಲಲಿತಾ ನಾಯಕ್ ಕೂಡ ಈ ಬಳಗದಲ್ಲಿದ್ದರು. ಮುಂದೆ ಅವರು ಮಂತ್ರಿಯೂ ಆದರು.

ಹಾಸನದ ಬಾನು ಮುಷ್ತಾಕ್ 1981ರಿಂದ ಸುಮಾರು ಒಂಬತ್ತು ವರ್ಷ ಇದೇ ಪತ್ರಿಕೆಗೆ ವರದಿಗಾರ್ತಿ. ಚಿಕ್ಕಂದಿನಲ್ಲಿ ಶಿವಮೊಗ್ಗದ ಶಾಲೆಯೊಂದು ಅವರನ್ನು ಸೇರಿಸಿಕೊಂಡಿದ್ದೇ ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಅವರು ಕಲಿತರು.

ಹೀಗೆ ಬರೆಯುವುದು ಸುಲಭವಿರಲಿಲ್ಲ. ತಮ್ಮವರ ನಡುವೆಯೇ ಸಾರಾ ವಿರೋಧ ಎದುರಿಸಿದರು. ಹೆಂಗಸರಿಗೂ ಮಸೀದಿಗೆ ಪ್ರವೇಶ ಬೇಕೆಂದಿದ್ದಕ್ಕೆ 2000ದಲ್ಲಿ ಬಾನು ಕುಟುಂಬಕ್ಕೆ ಬಹಿಷ್ಕಾರ ಹಾಕಲಾಯಿತು. ಆದರೂ ಇಬ್ಬರೂ ಬರೆಯುವುದನ್ನು ನಿಲ್ಲಿಸಲಿಲ್ಲ.

2000ದ ಜನವರಿಯಲ್ಲಿ ಲಂಕೇಶ್ ತೀರಿಕೊಂಡರು. 2025ರ ಮೇ ತಿಂಗಳಲ್ಲಿ ಬಾನು ಅವರ ಕಥೆಗಳು ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಗೆದ್ದವು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಕನ್ನಡಕ್ಕೆ ಈ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಅದರಲ್ಲಿರುವ ಹನ್ನೆರಡು ಕಥೆಗಳಲ್ಲೂ ಇರುವುದು ನಮ್ಮ ಸುತ್ತಲಿನ ಅಡುಗೆಮನೆ, ಬಾಣಂತನ, ಗಂಡ, ಅತ್ತೆ, ಮಕ್ಕಳ ಲೋಕವೇ.

ಪ್ರಶಸ್ತಿ ಬಂದ ದಿನ ಎಲ್ಲರ ಸ್ಟೇಟಸ್‌ನಲ್ಲೂ ಅವರ ಫೋಟೊ ಇತ್ತು. ಆದರೆ ಅವರಂಥವರು ಬರೆಯುತ್ತಾರೆಂದು ನಂಬಿ, ನಲವತ್ತು ವರ್ಷದ ಹಿಂದೆಯೇ ಒಂದು ಪತ್ರಿಕೆ ಪುಟ ಬಿಟ್ಟುಕೊಟ್ಟಿತ್ತು. ಕಾಸು ಕೊಟ್ಟು ಕೊಂಡು ಓದಿದ ಜನ ಆ ಪತ್ರಿಕೆಯನ್ನು ಉಳಿಸಿದ್ದರು.

ನಿಮ್ಮ ಓಣಿಯಲ್ಲೂ ‘ನಮ್ಮ ಕಥೆ ಯಾರು ಓದ್ತಾರೆ’ ಎನ್ನುವವರು ಇರುತ್ತಾರೆ. ಅವರಿಗೆ ಈ ಮೂವರ ವಿಷಯ ಹೇಳಿ. ಬರೆಯಲು ಬಾರದವರಾದರೆ ಪಕ್ಕದಲ್ಲಿ ಕೂತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.