ಅನುದಾನವೂ ಅಂಕುಶವೂ: ಕಲ್ಕತ್ತ ವಿಶ್ವವಿದ್ಯಾಲಯದ ಒಂದು ಅಧ್ಯಾಯ

ವಿದ್ಯಾಲಯಗಳಲ್ಲಿ ಮಾತನ್ನು ತಡೆಯಲು ಪ್ರಭುತ್ವ ನಿಷೇಧಾಜ್ಞೆಯನ್ನೇ ಹೊರಡಿಸಬೇಕೆಂದಿಲ್ಲ; ಅನುದಾನದ ಕೈ ಬಿಗಿಹಿಡಿದರೂ ಸಾಕು. ಈ ಉಪಾಯವನ್ನು ವಸಾಹತು ಆಳ್ವಿಕೆ ಬಂಗಾಳದಲ್ಲಿ ಎರಡು ಸಲ ಪ್ರಯೋಗಿಸಿತು. ಮೊದಲ ಸಲ ಅದರ ಗುರಿ ವಿದ್ಯಾರ್ಥಿಗಳು, ಎರಡನೆಯ ಸಲ ವಿಶ್ವವಿದ್ಯಾಲಯವೇ.

1905ರಲ್ಲಿ ಬಂಗಾಳದ ವಿಭಜನೆಯನ್ನು ವಿರೋಧಿಸಿ ವಿದ್ಯಾರ್ಥಿಗಳು ಸ್ವದೇಶಿ ಸಭೆಗಳಿಗೆ ಹರಿದುಬಂದರು. ಆ ಅಕ್ಟೋಬರಿನಲ್ಲಿ ಹೊರಬಿದ್ದ ಕಾರ್ಲೈಲ್ ಸುತ್ತೋಲೆ, ವಿದ್ಯಾರ್ಥಿಗಳನ್ನು ಚಳವಳಿಯಿಂದ ದೂರವಿಡದ ವಿದ್ಯಾಸಂಸ್ಥೆಗಳ ಅನುದಾನವನ್ನೂ ವಿದ್ಯಾರ್ಥಿವೇತನದ ಸೌಲಭ್ಯವನ್ನೂ ಹಿಂತೆಗೆದುಕೊಳ್ಳುವುದಾಗಿ ಬೆದರಿಸಿತು. ವಿದ್ಯಾರ್ಥಿಗಳು ಸುತ್ತೋಲೆ ವಿರೋಧಿ ಸಂಘವನ್ನೇ ಕಟ್ಟಿ ಉತ್ತರಿಸಿದರು. ಮರುವರ್ಷ ರಾಷ್ಟ್ರೀಯ ಶಿಕ್ಷಣ ಪರಿಷತ್ತು ಸ್ಥಾಪನೆಯಾಯಿತು. ಅರವಿಂದರು ಪ್ರಾಂಶುಪಾಲರಾಗಿದ್ದ ಬಂಗಾಳ ರಾಷ್ಟ್ರೀಯ ಕಾಲೇಜು ಆರಂಭವಾಯಿತು. ಇಂದಿನ ಜಾದವಪುರ ವಿಶ್ವವಿದ್ಯಾಲಯದ ಬೇರು ಈ ಪರಿಷತ್ತಿನಲ್ಲಿದೆ.

ಎರಡನೆಯ ಪ್ರಸಂಗದ ಕೇಂದ್ರವ್ಯಕ್ತಿ ಆಶುತೋಷ ಮುಖರ್ಜಿ. ಹೈಕೋರ್ಟಿನ ನ್ಯಾಯಾಧೀಶರೂ ಗಣಿತಜ್ಞರೂ ಆಗಿದ್ದ ಅವರು 1906ರಿಂದ 1914ರವರೆಗೆ, ಮತ್ತೆ 1921ರಿಂದ 1923ರವರೆಗೆ ಕುಲಪತಿಗಳಾಗಿದ್ದರು. ಅವರನ್ನು ಚಳವಳಿಗಾರರೆನ್ನಲಾಗದು. ಅಸಹಕಾರದ ದಿನಗಳಲ್ಲಿ ಕಾಲೇಜುಗಳನ್ನು ಬಹಿಷ್ಕರಿಸಬೇಕೆಂಬ ಕರೆಯನ್ನು ಅವರು ಒಪ್ಪಲಿಲ್ಲ. ಪರೀಕ್ಷೆ ನಡೆಸುವುದಷ್ಟೇ ಕೆಲಸವಾಗಿದ್ದ ಸಂಸ್ಥೆಯನ್ನು ಬೋಧನೆ, ಸಂಶೋಧನೆಗಳ ಕೇಂದ್ರವಾಗಿ ಬೆಳೆಸಿದ ಅವರಿಗೆ ವಿದ್ಯಾಲಯದ ಬಾಗಿಲು ಮುಚ್ಚುವುದು ಆತ್ಮಹಾನಿಯಾಗಿ ಕಂಡಿತು.

ಆದರೆ ಆ ಬೆಳವಣಿಗೆಗೆ ಹಣ ಬೇಕಿತ್ತು. 1922ರಲ್ಲಿ ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿತು, ಷರತ್ತುಗಳೊಡನೆ. ಒಪ್ಪಿದರೆ ವಿಶ್ವವಿದ್ಯಾಲಯದ ಆಡಳಿತ ಸರ್ಕಾರದ ಅಂಕುಶಕ್ಕೆ ಸಿಲುಕುತ್ತಿತ್ತು. ಒಪ್ಪದಿದ್ದರೆ ಅಧ್ಯಾಪಕರ ಸಂಬಳಕ್ಕೇ ಸಂಚಕಾರ. ಡಿಸೆಂಬರಿನ ಸೆನೆಟ್ ಸಭೆಯಲ್ಲಿ ಆಶುತೋಷರು ಷರತ್ತುಗಳನ್ನು ತಿರಸ್ಕರಿಸಬೇಕೆಂದು ವಾದಿಸಿದರು. ಹಸಿವನ್ನಾದರೂ ಸಹಿಸಬಹುದು, ಪರಾಧೀನತೆಯನ್ನಲ್ಲ. ಸ್ವಾತಂತ್ರ್ಯವೇ ಮೊದಲು, ಅದೇ ಕೊನೆ ಎಂಬುದು ಅವರ ಮಾತಿನ ಸಾರ. 1923ರ ಮಾರ್ಚಿಯಲ್ಲಿ ಗವರ್ನರ್ ಲಿಟ್ಟನ್, ವಿರೋಧವನ್ನು ಕೈಬಿಡುವುದಾದರೆ ಮತ್ತೆ ಕುಲಪತಿ ಪದವಿ ಕೊಡುವುದಾಗಿ ಪತ್ರ ಬರೆದರು. ಆಶುತೋಷರು ಅದನ್ನೂ ನಿರಾಕರಿಸಿದರು.

ಆ ವರ್ಷಗಳಲ್ಲಿ ಕಲ್ಕತ್ತೆಗೂ ಮೈಸೂರಿಗೂ ವಿದ್ವತ್ತಿನ ಕೊಡುಕೊಳ್ಳುವಿಕೆ ನಡೆದಿತ್ತು. ಮಹಾರಾಜ ಕಾಲೇಜಿನಲ್ಲಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಯ ತತ್ವಶಾಸ್ತ್ರ ಪೀಠಕ್ಕೆ ಹೋದರು. ಆ ಪೀಠದಲ್ಲಿದ್ದ ಬ್ರಜೇಂದ್ರನಾಥ ಸೀಲ್ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಸಂಸ್ಥಾನದ ರಾಜ್ಯಾಂಗ ಸುಧಾರಣೆಗಾಗಿ ನೇಮಿಸಿದ ಸಮಿತಿಗೆ ಸೀಲರೇ ಅಧ್ಯಕ್ಷರು. ಅದರ ವರದಿಯ ತರುವಾಯ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರಕಿತು. ಕಲ್ಕತ್ತೆಯಲ್ಲಿ ಒಬ್ಬ ಕುಲಪತಿ ಪ್ರಭುತ್ವದೆದುರು ವಿದ್ಯಾಲಯದ ಸ್ವಾಯತ್ತತೆಗಾಗಿ ಸೆಣಸುತ್ತಿದ್ದಾಗ, ಮೈಸೂರಿನಲ್ಲಿ ಮತ್ತೊಬ್ಬ ಕುಲಪತಿ ಪ್ರಜೆಗಳು ಪ್ರಭುತ್ವದೊಡನೆ ಮಾತನಾಡುವ ವೇದಿಕೆಗೆ ಕಾನೂನಿನ ಬಲ ಒದಗಿಸಲು ಶ್ರಮಿಸುತ್ತಿದ್ದರು.

ಆಶುತೋಷರ ನಿಲುವಿನ ವಿಶೇಷವಿರುವುದು ಇಲ್ಲಿ: ಅವರು ವಿದ್ಯಾರ್ಥಿಗಳನ್ನು ಬೀದಿಗೆ ಕರೆಯಲಿಲ್ಲ, ಆದರೆ ತರಗತಿಯನ್ನು ಸರ್ಕಾರದ ಅಧೀನಕ್ಕೆ ಒಪ್ಪಿಸಲೂ ಇಲ್ಲ. ಚಳವಳಿಗೆ ಇಳಿದ 1905ರ ವಿದ್ಯಾರ್ಥಿಗಳೂ ಚಳವಳಿಯನ್ನು ಒಪ್ಪದ 1922ರ ಕುಲಪತಿಯೂ ತಮ್ಮ ತಮ್ಮ ದಾರಿಯಲ್ಲಿ ಒಂದೇ ಬೆದರಿಕೆಯನ್ನು ಎದುರಿಸಿದರು. ಪೌರಧರ್ಮವನ್ನು ಪಠ್ಯವಾಗಿ ಬೋಧಿಸುವುದು ಸುಲಭ. ಆದರೆ ಬೋಧಿಸುವ ಸಂಸ್ಥೆಯೇ ಹಣಕ್ಕಾಗಿ ಮೌನ ತಾಳಿದರೆ, ವಿದ್ಯಾರ್ಥಿ ಕಲಿಯುವುದು ಪುಸ್ತಕದ ಪಾಠವನ್ನಲ್ಲ, ಆ ಮೌನವನ್ನು. 1924ರ ಮೇ ತಿಂಗಳಲ್ಲಿ ಆಶುತೋಷರು ಪಾಟ್ನಾದಲ್ಲಿ ನಿಧನರಾದರು. ವಿಶ್ವವಿದ್ಯಾಲಯವನ್ನು ಪೋಷಿಸುವವರು ಅದರ ನಾಲಗೆಗೂ ಒಡೆಯರೇ ಎಂದು ಅವರು ಎತ್ತಿದ ಪ್ರಶ್ನೆ ಮಾತ್ರ ಇನ್ನೂ ಹಳತಾಗಿಲ್ಲ.