ಮರಳುನಾಡಿನ ಜಾತ್ರೆಗಳು

ಭೂಪಟದಲ್ಲಿ ಥಾರ್ ಮರುಭೂಮಿಯನ್ನು ಗುರುತಿಸಲು ಚುಕ್ಕೆಗಳನ್ನಿಡುವುದು ಶಾಲೆಯ ವಾಡಿಕೆ. ಆ ಚುಕ್ಕೆಗಳನ್ನು ಇಡುತ್ತಲೇ “ಸಾರ್, ಅಲ್ಲಿ ಊರುಗಳಿವೆಯೇ? ಹಬ್ಬ ಮಾಡುತ್ತಾರೆಯೇ?” ಎಂದು ಕೇಳಿದವರು ನಿಮ್ಮಲ್ಲಿ ಕೆಲವರಿದ್ದೀರಿ. ಒಂದು ಪಾಠದ ಅವಧಿಯಲ್ಲಿ ಕೊಡಬಹುದಾದ ಉತ್ತರ ಚಿಕ್ಕದು. ಈಗ ಗಂಟೆ ಹೊಡೆಯುವವರಿಲ್ಲದ ಕಾರಣ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಪಶ್ಚಿಮ ರಾಜಸ್ಥಾನದ ಹಬ್ಬಗಳನ್ನು ಅರಿಯಬೇಕಾದರೆ ಮೊದಲು ಅಲ್ಲಿಯ ಮಳೆಯನ್ನು ಅರಿಯಬೇಕು. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 200 ಮಿಲಿಮೀಟರು ಮಾತ್ರ. ಅದರಲ್ಲಿ ಬಹುಪಾಲು ಜುಲೈಯಿಂದ ಸೆಪ್ಟೆಂಬರಿನೊಳಗೆ ಸುರಿದು ಹೋಗುತ್ತದೆ. ಕೆರೆಯಲ್ಲಿ ನೀರು, ನೆಲದ ಮೇಲೆ ಹುಲ್ಲು ಇರುವಷ್ಟು ದಿನ ಮಾತ್ರ ಸಾವಿರಾರು ಜನ ಮತ್ತು ದನಕರುಗಳು ಒಂದೆಡೆ ಸೇರಲು ಸಾಧ್ಯ. ಹೀಗಾಗಿ ಅಲ್ಲಿನ ದೊಡ್ಡ ಜಾತ್ರೆಗಳಲ್ಲಿ ಅನೇಕವು ಭಾದ್ರಪದದಿಂದ ಕಾರ್ತಿಕದವರೆಗೆ ಬರುತ್ತವೆ; ಉಳಿದವುಗಳಲ್ಲಿ ಹೆಚ್ಚಿನವು ಮಾಘದಿಂದ ಚೈತ್ರದವರೆಗೆ, ಬೇಸಗೆಯ ಉರಿ ಏರುವ ಮುನ್ನ ಮುಗಿಯುತ್ತವೆ.

ಪಂಚಾಂಗದ ಒಂದು ಸಂಗತಿಯನ್ನು ಇಲ್ಲಿ ನೆನಪಿಡಬೇಕು. ನಾವು ಅಮಾವಾಸ್ಯೆಗೆ ತಿಂಗಳನ್ನು ಮುಗಿಸುತ್ತೇವೆ, ಅವರು ಹುಣ್ಣಿಮೆಗೆ ಮುಗಿಸುತ್ತಾರೆ. ಆದ್ದರಿಂದ ಅವರ ಚೈತ್ರ ಕೃಷ್ಣಪಕ್ಷವು ನಮಗೆ ಫಾಲ್ಗುಣ ಬಹುಳ. ಅವರ ಗಣಗೌರ್ ಹಬ್ಬವು ಹೋಳಿಯ ಮರುದಿನ ಆರಂಭವಾಗಿ ಚೈತ್ರ ಶುಕ್ಲ ತದಿಗೆಗೆ ಮುಗಿಯುತ್ತದೆ. ಹೆಣ್ಣುಮಕ್ಕಳು ಹೋಳಿಯ ಬೂದಿಯನ್ನು ತಂದು ಪೂಜೆಗಿಟ್ಟು, ಜವೆಗೋಧಿ ಅಥವಾ ಗೋಧಿಯ ಸಸಿಗಳನ್ನು ಬೆಳೆಸಿ, ಈಸರ್ ಮತ್ತು ಗೌರಿಯನ್ನು, ಅಂದರೆ ಶಿವಪಾರ್ವತಿಯರನ್ನು, ಆರಾಧಿಸುತ್ತಾರೆ. ಯುಗಾದಿ ಕಳೆದು ಎರಡು ದಿನಕ್ಕೆ ಬರುವ ಅದೇ ತದಿಗೆಯಂದು ನಮ್ಮ ಅನೇಕ ಮನೆಗಳಲ್ಲಿ ಚೈತ್ರಗೌರಿಯನ್ನು ತೊಟ್ಟಿಲಲ್ಲಿ ಕೂರಿಸಿ ಕೋಸಂಬರಿ, ಪಾನಕ ಹಂಚುತ್ತಾರಷ್ಟೆ. ಸಾವಿರ ಮೈಲಿಗಳ ಅಂತರದಲ್ಲಿ ಒಂದೇ ದಿನ ಒಬ್ಬಳೇ ತಾಯಿ ತವರಿಗೆ ಬಂದಂತೆ ನನಗೆ ತೋರುತ್ತದೆ.

ಆದರೆ ಮರುಭೂಮಿಯ ಜಾತ್ರೆಗಳ ಜೀವ ಇರುವುದು ಪುರಾಣದ ದೇವರಿಗಿಂತ ಹೆಚ್ಚಾಗಿ ಲೋಕದೇವತೆಗಳಲ್ಲಿ. ಪಾಬೂಜಿ, ಹರಭೂಜಿ, ರಾಮದೇವಜಿ, ಮೇಹಾಜಿ, ಗೋಗಾಜಿ: ಈ ಐವರನ್ನು ಮಾರವಾಡದವರು ಪಂಚಪೀರರೆಂದು ಕರೆಯುತ್ತಾರೆ. ಹಿಂದೂ ವೀರರಿಗೆ ‘ಪೀರ’ ಎಂಬ ಹೆಸರು ಸಂದಿರುವುದನ್ನು ಗಮನಿಸಿ. ಇಂಥ ಲೋಕದೇವತೆಗಳ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಘಟನೆ ಗೋರಕ್ಷಣೆ. ಪಾಬೂಜಿಯು ಉಮರಕೋಟೆಯಲ್ಲಿ ತನ್ನ ಮದುವೆಯ ಮಂಟಪದಿಂದಲೇ ಎದ್ದು, ದೇವಲ್ ಎಂಬ ಚಾರಣ ಸ್ತ್ರೀಯ ಹಸುಗಳನ್ನು ಬಿಡಿಸಲು ಹೋಗಿ ಮಡಿದನೆಂದು ಕಥೆ. ನಾಗೌರ್ ಸೀಮೆಯ ತೇಜಾಜಿಯು ದನಗಳ್ಳರೊಡನೆ ಹೋರಾಡಿ ಮೈಯೆಲ್ಲ ಗಾಯಗೊಂಡಿದ್ದರೂ, ಹಾವಿಗೆ ಕೊಟ್ಟ ಮಾತಿನಂತೆ ಮರಳಿ ಬಂದು, ಗಾಯವಿಲ್ಲದ ನಾಲಿಗೆಯನ್ನು ಕಚ್ಚಲು ಚಾಚಿದನಂತೆ. ತುರುಗೊಳ್ ಕಾಳಗದಲ್ಲಿ ಸತ್ತವರ ವೀರಗಲ್ಲುಗಳನ್ನು ನಮ್ಮ ಹಳ್ಳಿಗಳಲ್ಲಿ ಕಂಡ ನಿಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ನೆಚ್ಚುವಂತಿಲ್ಲದ ನಾಡಿನಲ್ಲಿ ದನವೇ ಬದುಕು; ಅದನ್ನು ಉಳಿಸಿದವನೇ ದೇವರು.

ಇವರ ಪೈಕಿ ಹೆಚ್ಚು ಜನರನ್ನು ಸೆಳೆಯುವವನು ರಾಮದೇವ. ಪೋಕರಣದ ಉತ್ತರಕ್ಕಿರುವ ರಾಮದೇವರಾದಲ್ಲಿ ಅವನ ಸಮಾಧಿ ಇದೆ. ಅದರ ಸುತ್ತಲಿನ ಈಗಿನ ಮಂದಿರವನ್ನು ಬಿಕಾನೇರಿನ ಮಹಾರಾಜ ಗಂಗಾಸಿಂಹರು 1931ರಲ್ಲಿ ಕಟ್ಟಿಸಿದರು. ರಾಜಪೂತ ಮನೆತನದಲ್ಲಿ ಹುಟ್ಟಿದ ಈತ ಅಸ್ಪೃಶ್ಯರೆನಿಸಿಕೊಂಡವರ ನಡುವೆ ಬಾಳಿದನು. ಮೇಘವಾಲ ಜಾತಿಯ ಡಾಲೀಬಾಯಿ ಅವನ ಶಿಷ್ಯೆ; ಆಕೆಯ ಸಮಾಧಿಯೂ ಅಲ್ಲಿಯೇ ಇದೆ. ಮುಸಲ್ಮಾನರು ಅವನನ್ನು ರಾಮಸಾ ಪೀರ್ ಎನ್ನುತ್ತಾರೆ. ಭಾದ್ರಪದ ಶುಕ್ಲ ಬಿದಿಗೆಯಿಂದ ಏಕಾದಶಿಯವರೆಗೆ ನಡೆಯುವ ಜಾತ್ರೆಗೆ ಗುಜರಾತ್, ಮಧ್ಯಪ್ರದೇಶಗಳಿಂದಲೂ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಕಾಮಡ ಸಮುದಾಯದ ಹೆಂಗಸರು ಮೈಗೆ ಹದಿಮೂರು ತಾಳಗಳನ್ನು ಕಟ್ಟಿಕೊಂಡು, ಕುಳಿತಲ್ಲಿಯೇ ‘ತೇರಹ್ ತಾಲಿ’ ಆಡುತ್ತಾರೆ.

ನಿವೃತ್ತಿಯ ಮರುವರ್ಷ ಜೋಧಪುರದಿಂದ ಆ ಕಡೆಗೆ ಹೋಗುವ ಅವಕಾಶ ನನಗೆ ದೊರೆಯಿತು. ದಾರಿಯುದ್ದಕ್ಕೂ ಕೈಯಲ್ಲಿ ಧ್ವಜ, ಹೆಗಲ ಮೇಲೆ ಹರಕೆಯ ಬಟ್ಟೆಯ ಕುದುರೆ ಹೊತ್ತ ಯಾತ್ರಿಕರು. ಅನ್ನಛತ್ರವೊಂದರ ನೆರಳಿನಲ್ಲಿ ವೃದ್ಧರೊಬ್ಬರು ಪಕ್ಕದಲ್ಲಿ ಕುಳಿತಿದ್ದರು. ಮೇಘವಾಲರೆಂದು ಅವರೇ ಹೇಳಿದರು. “ಇಷ್ಟು ದೂರ ನಡೆದು ದಣಿವಾಗುವುದಿಲ್ಲವೇ?” ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವರು ನಕ್ಕು, “ಮಾಸ್ತರ್‌ಜೀ, ನಮ್ಮೂರಿನ ಬಾವಿಯ ಹತ್ತಿರ ಹೋಗುವುದೇ ನನಗೆ ದೂರವಾಗಿತ್ತು. ಇದು ಹತ್ತಿರ” ಎಂದರು. ಭಕ್ತಿಪಂಥದ ಬಗೆಗೆ ನಾನು ಹಲವು ವರ್ಷ ಬರೆಸಿದ ಟಿಪ್ಪಣಿಗಳಲ್ಲಿ ಆ ಮಾತಿನಷ್ಟು ಸ್ಪಷ್ಟವಾದ ವಾಕ್ಯವಿರಲಿಲ್ಲ.

ಜಾತ್ರೆಯ ಇನ್ನೊಂದು ಮುಖ ಸಂತೆ. ಬಾಲೋತ್ರಾದ ಸಮೀಪ ತಿಲವಾಡಾದಲ್ಲಿ, ಒಣಗಿದ ಲೂಣಿ ನದಿಯ ಪಾತ್ರದಲ್ಲಿಯೇ ಮಲ್ಲಿನಾಥನ ಹೆಸರಿನ ಜಾನುವಾರು ಜಾತ್ರೆ ನಡೆಯುತ್ತದೆ. ನಮ್ಮ ಲೆಕ್ಕದಲ್ಲಿ ಫಾಲ್ಗುಣ ಬಹುಳ ಏಕಾದಶಿಯಿಂದ ಚೈತ್ರ ಶುದ್ಧ ಏಕಾದಶಿಯವರೆಗೆ ಅದರ ಅವಧಿ. ಮಲ್ಲಿನಾಥನು 14ನೆಯ ಶತಮಾನದ ರಾಠೋಡ ಅರಸ, ಮುಂದೆ ಸಂತನೆನಿಸಿದವನು. ಆ ಸೀಮೆಗೆ ಮಾಲಾಣಿ ಎಂಬ ಹೆಸರು ಬಂದದ್ದೂ, ಅಲ್ಲಿಯ ಕುದುರೆಗಳು ಮಾಲಾಣಿ ತಳಿಯೆನಿಸಿದ್ದೂ ಅವನಿಂದಲೇ. ಇಂಥ ಸಂತೆಗಳಲ್ಲಿ ಎತ್ತು, ಕುದುರೆ, ಒಂಟೆಗಳ ಜೊತೆಗೆ ಸಂಬಂಧಗಳೂ ಕುದುರುತ್ತಿದ್ದವು. ಸಾಲ ತೀರುತ್ತಿತ್ತು, ಜಗಳ ಪಂಚಾಯಿತಿಗೆ ಬರುತ್ತಿತ್ತು. ವಿಕ್ರಮ ಸಂವತ್ 1956ರಲ್ಲಿ, ಅಂದರೆ 1899–1900ರಲ್ಲಿ, ಬಂದ ‘ಛಪ್ಪನಿಯಾ’ ಬರಗಾಲ ಅಪಾರ ಜನರನ್ನೂ ಜಾನುವಾರುಗಳನ್ನೂ ನುಂಗಿತು. ಹಟ್ಟಿ ಬರಿದಾದ ಕುಟುಂಬ ಮತ್ತೆ ಒಂದು ಜೋಡಿ ಎತ್ತು ಕೊಳ್ಳಲು ಹೋಗಬೇಕಾದದ್ದೂ ಇಂಥ ಸಂತೆಗೇ.

ಪುಷ್ಕರವನ್ನು ಎಲ್ಲರೂ ಬಲ್ಲರು. ಅಜ್ಮೇರಿನ ಸಮೀಪ, ಮರುಭೂಮಿಯ ಅಂಚಿನಲ್ಲಿರುವ ಆ ಕ್ಷೇತ್ರದಲ್ಲಿ ಬ್ರಹ್ಮನ ದೇವಾಲಯವಿದೆ. ಕಾರ್ತಿಕ ಶುಕ್ಲ ಏಕಾದಶಿಯಿಂದ ಹುಣ್ಣಿಮೆಯವರೆಗೆ ಸರೋವರದಲ್ಲಿ ಪುಣ್ಯಸ್ನಾನ. ಅದಕ್ಕೂ ಮುನ್ನವೇ ದಿಬ್ಬಗಳ ಮೇಲೆ ಒಂಟೆಗಳ ವ್ಯಾಪಾರ. ಒಂಟೆ ಸಾಕುವ ರೇಬಾರಿಗಳಿಗೆ ಪಾಬೂಜಿಯೇ ಕುಲದೈವ; ಮಾರವಾಡಕ್ಕೆ ಮೊದಲು ಒಂಟೆಯನ್ನು ತಂದವನು ಅವನೇ ಎಂಬುದು ಅವರ ನಂಬಿಕೆ. ಅವನ ಕಥೆಯನ್ನು ‘ಫಡ್’ ಎಂಬ ಉದ್ದನೆಯ ಚಿತ್ರಪಟದ ಮುಂದೆ ಭೋಪನೂ ಅವನ ಹೆಂಡತಿಯೂ ರಾವಣಹತ್ತದ ನಾದಕ್ಕೆ ರಾತ್ರಿಯಿಡೀ ಹಾಡುತ್ತಾರೆ. ಹಳೆಯದಾದ ಪಟವನ್ನು ಎಸೆಯುವಂತಿಲ್ಲ; ಪುಷ್ಕರದ ಸರೋವರದಲ್ಲಿ ವಿಸರ್ಜಿಸುವುದು ಸಂಪ್ರದಾಯ.

ಈಗ ವಿಸರ್ಜನೆಯ ಭಯ ಒಂಟೆಗೇ ಬಂದಿದೆ. 1992ರಲ್ಲಿ ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚಿದ್ದ ಒಂಟೆಗಳು 2012ರ ಗಣತಿಯಲ್ಲಿ ಸುಮಾರು 4 ಲಕ್ಷಕ್ಕೂ, 2019ರಲ್ಲಿ ಸುಮಾರು 2.5 ಲಕ್ಷಕ್ಕೂ ಇಳಿದವು. ಟ್ರ್ಯಾಕ್ಟರ್, ಜೀಪುಗಳು ಅದರ ಕೆಲಸವನ್ನು ಕಸಿದವು. ನಾಲೆಯ ನೀರು ಬಂದಲ್ಲಿ ಗೋಮಾಳ ಹೊಲವಾಯಿತು. ರಾಜಸ್ಥಾನ ಸರ್ಕಾರ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿ, 2015ರ ಕಾನೂನಿನಿಂದ ಅದರ ವಧೆಯನ್ನು ನಿಷೇಧಿಸಿತು. ಹೊರರಾಜ್ಯಕ್ಕೆ ಸಾಗಿಸುವುದನ್ನೂ ನಿರ್ಬಂಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಹೊರಗಿನ ಕೊಳ್ಳುಗರು ಬಾರದಂತಾಗಿ, ಗಂಡು ಒಂಟೆಗೆ ಬೆಲೆ ಇಲ್ಲವಾಯಿತು ಎಂಬುದು ಸಾಕುವವರ ಅಳಲು. ಮಾರಲಾಗದ ಪ್ರಾಣಿಯನ್ನು ಬಡವನು ಎಷ್ಟು ದಿನ ಸಾಕಿಯಾನು?

ಚಿತ್ರಗಳಲ್ಲಿ ನೀವು ಕಾಣುವ ಪುಷ್ಕರ ಇಂದಿಗೂ ವರ್ಣಮಯವಾಗಿದೆ. ಕ್ಯಾಮೆರಾ ಹಿಡಿದವರಿಗೆ ಕೊರತೆಯಿಲ್ಲ. ಪುಣ್ಯಸ್ನಾನಕ್ಕೆ ಬರುವ ಜನರೂ ಕಡಿಮೆಯಾಗಿಲ್ಲ. ಆದರೆ ನೀರು, ಮೇವು, ದನ, ದೇವರು ಈ ನಾಲ್ಕೂ ಒಂದೇ ಹಗ್ಗದ ಎಳೆಗಳಾಗಿದ್ದವು. ಒಂದು ಎಳೆ ಸವೆದರೂ ಹಗ್ಗ ಕೆಲಕಾಲ ಹಾಗೆಯೇ ಕಾಣುತ್ತದೆ, ಭಾರ ಹೊರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಆ ಕಡೆಗೆ ಪ್ರವಾಸ ಹೋದರೆ ಗುಡಿಯ ದರ್ಶನ ಮುಗಿಸಿ, ದಿಬ್ಬದ ಮೇಲೆ ಒಂಟೆಯ ಪಕ್ಕದಲ್ಲಿ ಕುಳಿತ ರೇಬಾರಿಯನ್ನೂ ಎರಡು ಮಾತು ಆಡಿಸಿ ಬನ್ನಿ. ಜಾತ್ರೆಯ ಇತಿಹಾಸದ ಅರ್ಧಭಾಗ ಅವನ ಬಳಿ ಇದೆ.